ತೊನ್ನು ಕುಷ್ಠವಲ್ಲ: ಮಚ್ಚೆಯನ್ನು ಗುರುತಿಸುವುದು, ಚೀಟಿಯಲ್ಲಿ ಸರಿಯಾಗಿ ಬರೆಸುವುದು



ಈ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಬಿತ್ತನೆ, ಗೊಬ್ಬರ, ಬೆಳೆಗೆ ಬರುವ ಕೀಟ ಮತ್ತು ರೋಗಗಳ ವಿಷಯ ಬರೆಯುತ್ತೇವೆ. ಈ ಸಾರಿ ಮನುಷ್ಯರ ಚರ್ಮದ ಒಂದು ರೋಗದ ವಿಷಯ ಬರೆಯಬೇಕಾಗಿ ಬಂದಿದೆ. ಅದಕ್ಕೆ ಕಾರಣವನ್ನು ಮೊದಲು ಹೇಳುತ್ತೇನೆ.

ನಾಲೆಗೆ ನೀರು ಬಿಟ್ಟ ವಾರ ಕೃಷ್ಣರಾಜನಗರದ ಹತ್ತಿರದ ಒಂದು ಹಳ್ಳಿಗೆ ಭತ್ತದ ಒಟ್ಲು ನೋಡಲು ಹೋಗಿದ್ದೆ. ಕೆಲಸ ಮುಗಿದ ಮೇಲೆ ಯಜಮಾನರು ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟರು. ಅಷ್ಟರಲ್ಲಿ ಮನೆಯಾಕೆ ಒಳಗಿನಿಂದ ಒಂದು ಚೀಲ ತಂದು, ಅದರಲ್ಲಿದ್ದ ಎರಡು ಆಸ್ಪತ್ರೆ ಚೀಟಿಗಳನ್ನು ನನ್ನ ಕೈಗಿಟ್ಟು, "ಓದಿದೋರು ನೀವು. ಇದ್ರಲ್ಲಿ ಏನು ಬರ್ದವ್ರೆ, ವಸಿ ನೋಡಿ ಹೇಳಿ ಸ್ವಾಮಿ" ಎಂದರು. ಅವರ ಮಗಳಿಗೆ ಬೆರಳ ತುದಿಯಲ್ಲಿಯೂ ತುಟಿಯ ಪಕ್ಕದಲ್ಲಿಯೂ ಬಿಳಿ ಮಚ್ಚೆ ಕಾಣಿಸಿಕೊಂಡು ಎರಡು ವರ್ಷವಾಗಿತ್ತು. ಮೊದಲು ತೋರಿಸಿದ ಕಡೆ "ಶ್ವೇತಕುಷ್ಠ" ಎಂದು ಬರೆದಿದ್ದರು. ಆ ಚೀಟಿಯನ್ನು ಇನ್ನೊಂದು ಕಡೆ ಕೊಟ್ಟಾಗ, ಕಂಪ್ಯೂಟರಿಗೆ ಏರಿಸಿದವರು "ಶ್ವೇತ"ವನ್ನು ಬಿಟ್ಟು "ಕುಷ್ಠ"ವನ್ನು ಹಿಡಿದು, ಕುಷ್ಠರೋಗದ ಸಂಖ್ಯೆಯನ್ನೇ ನಮೂದಿಸಿದ್ದರು. ಹುಡುಗಿಗೆ ನಿಶ್ಚಯದ ಮಾತು ನಡೆದಿತ್ತು. ಗಂಡಿನ ಕಡೆಯವರಲ್ಲಿ ಓದುಬಲ್ಲವರೊಬ್ಬರು ಆ ಎರಡನೆಯ ಚೀಟಿಯನ್ನು ಕಂಡರು. ಮಾತು ಅಲ್ಲಿಗೆ ನಿಂತಿತು.

ಆ ಹುಡುಗಿಗೆ ಇದ್ದುದು ಕುಷ್ಠವಲ್ಲ, ತೊನ್ನು. ಬರೆದವರನ್ನು ದೂರುವುದು ನನ್ನ ಉದ್ದೇಶವಲ್ಲ. ಇಂತಹ ತಪ್ಪು ಹೇಗೆ ಆಗುತ್ತದೆ, ಆಗದಂತೆ ನಾವು ಏನು ಮಾಡಬಹುದು ಎಂಬುದನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕು. ನಾನು ವೈದ್ಯನಲ್ಲ, ಬೇಸಾಯದ ಡಿಪ್ಲೊಮ ಓದಿದವನು. ಆದರೆ ರೋಗಕ್ಕೆ ಮದ್ದು ಹೇಳುವ ಮೊದಲು ರೋಗದ ಹೆಸರನ್ನು ಸರಿಯಾಗಿ ಹೇಳಬೇಕೆಂಬುದು ಬೆಳೆಯ ವಿಷಯದಲ್ಲಿ ಎಷ್ಟು ನಿಜವೋ ಮನುಷ್ಯರ ವಿಷಯದಲ್ಲಿಯೂ ಅಷ್ಟೇ ನಿಜ.

ತೊನ್ನು ಎಂದರೇನು?

ನಮ್ಮ ಚರ್ಮದ ಮೇಲ್ಪದರದ ತಳದಲ್ಲಿ ಬಣ್ಣ ತಯಾರಿಸುವ ಜೀವಕೋಶಗಳಿವೆ. ಅವು ಮಾಡುವ ಕಪ್ಪು ಬಣ್ಣಕ್ಕೆ ಮೆಲನಿನ್ ಎಂದು ಹೆಸರು. ಚರ್ಮ, ಕೂದಲುಗಳಿಗೆ ಬಣ್ಣ ಬರುವುದು ಇದರಿಂದಲೇ. ಬಿಸಿಲಿನ ಕೆಡುಕಿನಿಂದ ಚರ್ಮವನ್ನು ಕಾಯುವುದೂ ಇದೇ.

ರೋಗಾಣುಗಳೊಡನೆ ಹೋರಾಡಲು ದೇಹದಲ್ಲಿ ಒಂದು ಕಾವಲುಪಡೆ ಇದೆ. ಕೆಲವರಲ್ಲಿ ಈ ಪಡೆಯು ಬಣ್ಣದ ಜೀವಕೋಶಗಳನ್ನೇ ಶತ್ರುವೆಂದು ತಪ್ಪಾಗಿ ತಿಳಿದು ಕೊಂದುಹಾಕುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತೇವಲ್ಲ, ಹಾಗೆ. ಜೀವಕೋಶಗಳು ಸತ್ತ ಕಡೆ ಚರ್ಮ ಬೆಳ್ಳಗಾಗುತ್ತದೆ. ಇದೇ ತೊನ್ನು. ವೈದ್ಯರು ಇದನ್ನು ವಿಟಿಲಿಗೋ ಎನ್ನುತ್ತಾರೆ.

ಲೋಕದ ನಾನಾ ಕಡೆ ತೆಗೆದ ಲೆಕ್ಕದ ಪ್ರಕಾರ ಇದು ಇನ್ನೂರು ಜನರಲ್ಲಿ ಒಬ್ಬರಿಂದ ಹಿಡಿದು ನೂರು ಜನರಲ್ಲಿ ಇಬ್ಬರವರೆಗೆ ಇರುವುದುಂಟು. ಹಾಗೆ ನೋಡಿದರೆ 2000 ಜನರಿರುವ ಊರಿನಲ್ಲಿ 10 ರಿಂದ 40 ಜನರಿಗೆ ಇದು ಇರಬಹುದು. ಅವರೆಲ್ಲ ನಮ್ಮ ಕಣ್ಣಿಗೆ ಬೀಳದೆ ಇರುವುದು ಅವರು ತುಂಬು ತೋಳಿನ ಬಟ್ಟೆಯಲ್ಲಿ, ಸೆರಗಿನಲ್ಲಿ ಮರೆಸಿಕೊಂಡಿರುವುದರಿಂದ. ಸುಮಾರು ಅರ್ಧದಷ್ಟು ಜನರಲ್ಲಿ ಇಪ್ಪತ್ತು ವರ್ಷ ತುಂಬುವುದರೊಳಗೇ ಇದು ಕಾಣಿಸಿಕೊಳ್ಳುತ್ತದೆ. ಅಂದರೆ ಶಾಲೆಯ ವಯಸ್ಸಿನಲ್ಲಿ, ಮದುವೆಯ ವಯಸ್ಸಿನಲ್ಲಿ.

ಇದು ಅಂಟುರೋಗವಲ್ಲ. ಒಟ್ಟಿಗೆ ಉಣ್ಣುವುದರಿಂದ, ಬಟ್ಟೆ, ಬಾಚಣಿಗೆ, ಹಾಸಿಗೆಗಳಿಂದ, ದಾಂಪತ್ಯದಿಂದ ಇದು ಒಬ್ಬರಿಂದ ಒಬ್ಬರಿಗೆ ಬರುವುದಿಲ್ಲ. ಕೆಲವು ಮನೆತನಗಳಲ್ಲಿ ಇದರ ಒಲವು ಇರುವುದು ನಿಜ. ಆದರೆ ತೊನ್ನಿರುವವರ ಹೆಚ್ಚಿನ ಮಕ್ಕಳಿಗೆ ಇದು ಬರುವುದೇ ಇಲ್ಲ. ಮೀನು ತಿಂದು ಹಾಲು ಕುಡಿದುದರಿಂದ ಬರುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ನಾಗರಕಲ್ಲಿಗೆ ಹಾಲೆರೆಯುವುದು, ನಂಜನಗೂಡಿಗೆ ಹರಕೆ ಹೊರುವುದು ನಿಮ್ಮ ನಿಮ್ಮ ಭಕ್ತಿಗೆ ಸೇರಿದ ವಿಷಯ. ಅದನ್ನು ಬೇಡವೆನ್ನಲು ನಾನು ಯಾರು? ಆದರೆ ಈ ಮಚ್ಚೆ ಯಾರ ಪಾಪದ ಫಲವೂ ಅಲ್ಲ, ಯಾವ ದೋಷದ ಗುರುತೂ ಅಲ್ಲ. ಹರಕೆ ತೀರಲಿ ಎಂದು ಕಾದುಕೊಂಡು ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬಾರದು.

ಹೆಸರಿನಲ್ಲಿ ಗೊಂದಲ ಹೇಗೆ ಬಂತು?

ಆಯುರ್ವೇದದ ಹಳೆಯ ಗ್ರಂಥಗಳಲ್ಲಿ "ಕುಷ್ಠ" ಎಂಬುದು ಒಂದೇ ರೋಗದ ಹೆಸರಲ್ಲ. ಏಳು ಮಹಾಕುಷ್ಠ, ಹನ್ನೊಂದು ಕ್ಷುದ್ರಕುಷ್ಠ, ಒಟ್ಟು ಹದಿನೆಂಟು ಬಗೆಯ ಚರ್ಮರೋಗಗಳು ಆ ಹೆಸರಿನಲ್ಲಿ ಸೇರುತ್ತವೆ. ತೊನ್ನಿಗೆ ಅಲ್ಲಿ ಶ್ವಿತ್ರ, ಕಿಲಾಸ ಎಂಬ ಬೇರೆ ಹೆಸರುಗಳಿವೆ. ಆದರೂ ಅದನ್ನು ಕುಷ್ಠದ ಅಧ್ಯಾಯದಲ್ಲಿಯೇ ಹೇಳಿರುವುದರಿಂದ "ಶ್ವೇತಕುಷ್ಠ" ಎಂಬ ಮಾತು ಬಳಕೆಗೆ ಬಂತು. ಕಾಲಕ್ರಮದಲ್ಲಿ ಜನರ ಬಾಯಲ್ಲಿ ಕುಷ್ಠ ಎಂದರೆ ಬೆರಳು ಮುರುಟುವ ಆ ಒಂದು ರೋಗಕ್ಕೇ ನಿಂತಿತು. ಹಳೆಯ ಹೆಸರು ಮಾತ್ರ ಉಳಿದು, ತೊನ್ನಿನವರ ತಲೆಗೆ ಸುಮ್ಮನೆ ಕುಷ್ಠದ ಹೆಸರು ಬಂದು ಕೂತಿತು.

ಕುಷ್ಠಕ್ಕೆ ಕಾರಣ ಒಂದು ರೋಗಾಣು. ಅದನ್ನು ನಾರ್ವೆ ದೇಶದ ಹ್ಯಾನ್ಸೆನ್ ಎಂಬ ವೈದ್ಯರು 1873ರಲ್ಲಿ ಕಂಡುಹಿಡಿದರು. ತೊನ್ನಿಗೆ ಯಾವ ರೋಗಾಣುವೂ ಇಲ್ಲ. ಎರಡಕ್ಕೂ ಬೇರು ಬೇರೆ, ಮದ್ದು ಬೇರೆ.

ಹೀಗೆಂದುಕೊಂಡು ಕುಷ್ಠ ಬಂದವರನ್ನು ದೂರ ಇಡಬೇಕೆಂದು ಯಾರೂ ತಿಳಿಯಬಾರದು. ಕುಷ್ಠ ಇಂದು ಪೂರ್ತಿ ವಾಸಿಯಾಗುವ ರೋಗ. ಬಹು ಔಷಧಿ ಚಿಕಿತ್ಸೆ ಎಂಬ ಮಾತ್ರೆಗಳು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತವೆ. ರೋಗದ ಬಗೆಯನ್ನು ನೋಡಿ 6 ತಿಂಗಳು ಇಲ್ಲವೆ 12 ತಿಂಗಳು ತೆಗೆದುಕೊಂಡರೆ ಸಾಕು. ಔಷಧಿ ಆರಂಭವಾದ ಸ್ವಲ್ಪ ದಿನಗಳಲ್ಲಿಯೇ ಅದು ಇತರರಿಗೆ ಹರಡುವುದು ನಿಲ್ಲುತ್ತದೆ. ಕುಷ್ಠರೋಗಿಗಳನ್ನು ಕೂಡಿಹಾಕಲು ಇದ್ದ 1898ರ ಕಾಯಿದೆಯನ್ನು 2016ರಲ್ಲಿ ರದ್ದುಮಾಡಲಾಯಿತು. ಕುಷ್ಠವನ್ನು ವಿವಾಹ ವಿಚ್ಛೇದನಕ್ಕೆ ಕಾರಣವಾಗಿ ಹೇಳುವ ಅವಕಾಶವನ್ನು 2019ರ ಕಾನೂನು ತೆಗೆದುಹಾಕಿತು. ಕಾಯಿದೆಯೇ ಬದಲಾಗಿರುವಾಗ ನಮ್ಮ ಮನಸ್ಸೂ ಬದಲಾಗಬೇಕಲ್ಲವೆ?

ಬೆಳ್ಳಗಿರುವುದೆಲ್ಲ ತೊನ್ನಲ್ಲ

ಭತ್ತದ ಎಲೆ ಹಳದಿಯಾದೊಡನೆ ಯೂರಿಯಾ ಎರಚುವವರಿದ್ದಾರೆ. ಸಾರಜನಕದ ಕೊರತೆಯಾದರೆ ಹಳದಿಯಾಗುವುದು ಮೊದಲು ಹಳೆಯ ಎಲೆಗಳು. ಕಬ್ಬಿಣದ ಕೊರತೆಯಾದರೆ ಹೊಸ ಎಲೆಗಳು. ಬಣ್ಣ ಒಂದೇ ಆದರೂ ಎಲ್ಲಿ ಶುರುವಾಯಿತು ಎಂಬುದನ್ನು ನೋಡದೆ ಗೊಬ್ಬರ ಹಾಕಿದರೆ ದುಡ್ಡು ದಂಡ. ಬಿಳಿ ಮಚ್ಚೆಯನ್ನೂ ಹಾಗೆಯೇ ವಿಚಾರಿಸಿ ನೋಡಬೇಕು. ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವವು ಇವು:

ತೊನ್ನು: ಮಚ್ಚೆ ಸುಣ್ಣದಂತೆ ಅಚ್ಚ ಬಿಳುಪು. ಅಂಚು ಸ್ಪಷ್ಟ. ಮೇಲೆ ಹೊಟ್ಟು ಏಳುವುದಿಲ್ಲ, ಸಾಮಾನ್ಯವಾಗಿ ನವೆ ಇರುವುದಿಲ್ಲ. ಮುಟ್ಟಿದರೆ ಅರಿವಾಗುತ್ತದೆ. ಮಚ್ಚೆಯ ಮೇಲಿನ ಕೂದಲೂ ಕೆಲವು ವೇಳೆ ಬೆಳ್ಳಗಾಗುತ್ತದೆ. ಬೆರಳ ತುದಿ, ತುಟಿ, ಕಣ್ಣ ಸುತ್ತ, ಮೊಣಕೈ, ಮೊಣಕಾಲು, ಪಾದಗಳಲ್ಲಿ ಎಡಕ್ಕೂ ಬಲಕ್ಕೂ ಜೊತೆಜೊತೆಯಾಗಿ ಬರುವುದು ಹೆಚ್ಚು. ಇನ್ನೊಂದು ಬಗೆ ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಬಂದು, ಕೆಲವು ಕಾಲ ಬೇಗ ಹರಡಿ, ಆಮೇಲೆ ನಿಂತುಬಿಡುತ್ತದೆ.

ಕುಷ್ಠ: ಮಚ್ಚೆ ಅಚ್ಚ ಬಿಳುಪಾಗಿರುವುದಿಲ್ಲ, ಮಾಸಿದ ಬಣ್ಣ ಅಥವಾ ತುಸು ಕೆಂಪು, ತಾಮ್ರದ ಬಣ್ಣ. ಅಲ್ಲಿ ಮುಟ್ಟಿದರೆ ಅರಿವು ಕಡಿಮೆ ಅಥವಾ ಇಲ್ಲವೇ ಇಲ್ಲ. ಬೆವರು ಬಾರದೆ ಒಣಗಿರಬಹುದು, ಕೂದಲು ಉದುರಿರಬಹುದು. ಕಾಲಿನ ಚಪ್ಪಲಿ ಜಾರಿ ಬಿದ್ದರೂ ತಿಳಿಯದಿರುವುದು, ಬಿಸಿ ಪಾತ್ರೆ ಹಿಡಿದು ಕೈ ಬೊಬ್ಬೆ ಬಂದರೂ ನೋವಾಗದಿರುವುದು ಅಪಾಯದ ಗುರುತುಗಳು.

ಸಿಬ್ಬು: ಎದೆ, ಬೆನ್ನು, ಕುತ್ತಿಗೆಗಳ ಮೇಲೆ ಮಾಸಲು ಚುಕ್ಕೆಗಳು. ಉಗುರಿನಿಂದ ಕೆರೆದರೆ ಪುಡಿಯಂತಹ ಹೊಟ್ಟು ಏಳುತ್ತದೆ. ಇದು ಒಂದು ಬಗೆಯ ಬೂಷ್ಟಿನಿಂದ ಬರುವುದು. ಬೆವರುವ ಕಾಲದಲ್ಲಿ ಹೆಚ್ಚು. ಮುಲಾಮಿಗೆ ಬಗ್ಗುತ್ತದೆ, ಆದರೆ ಬಣ್ಣ ಮರಳಲು ಕೆಲವು ತಿಂಗಳು ಬೇಕು.

ಮಕ್ಕಳ ಕೆನ್ನೆಯ ಮಾಸಲು ಮಚ್ಚೆ: "ಹೊಟ್ಟೆಯಲ್ಲಿ ಹುಳ ಇದೆ" ಎಂದು ಹೇಳುವುದು ಇದನ್ನು ನೋಡಿಯೇ. ಹುಳುವಿಗೂ ಇದಕ್ಕೂ ಸಂಬಂಧವಿಲ್ಲ. ಒಣ ಚರ್ಮದ ಮಕ್ಕಳಲ್ಲಿ ಬರುವ ಇದು ತಾನಾಗಿಯೇ ಹೋಗುತ್ತದೆ.

ರಾಸಾಯನಿಕದಿಂದ ಬರುವ ಬಿಳುಪು: 1939ರಲ್ಲಿ ಅಮೆರಿಕದ ಒಂದು ಚರ್ಮ ಹದಮಾಡುವ ಕಾರ್ಖಾನೆಯ ಕೆಲಸಗಾರರ ಕೈಗಳು ಬೆಳ್ಳಗಾದವು. ವಿಚಾರಿಸಿದಾಗ ಅವರು ಹಾಕಿಕೊಳ್ಳುತ್ತಿದ್ದ ರಬ್ಬರ್ ಗವುಸಿನಲ್ಲಿ ಬೆರೆಸಿದ್ದ ಒಂದು ವಸ್ತುವೇ ಕಾರಣವೆಂದು ತಿಳಿಯಿತು. ನಮ್ಮಲ್ಲಿ ಅಂಟಿಸುವ ಹಣೆಬೊಟ್ಟಿನ ಅಂಟು, ರಬ್ಬರ್ ಚಪ್ಪಲಿಯ ಪಟ್ಟಿ, ಕೂದಲಿಗೆ ಹಚ್ಚುವ ಬಣ್ಣಗಳಿಂದ ಹೀಗಾಗುವುದುಂಟು. ಬೊಟ್ಟಿಟ್ಟ ಜಾಗದಲ್ಲಿ ಬೊಟ್ಟಿನಷ್ಟೇ ಬಿಳುಪು, ಚಪ್ಪಲಿಯ ಪಟ್ಟಿ ತಾಗುವ ಕಡೆ ಪಟ್ಟಿಯಂತೆಯೇ ಬಿಳುಪು ಕಂಡರೆ ಆ ವಸ್ತುವನ್ನು ಕೂಡಲೆ ಬಿಡಬೇಕು.

ಇವಲ್ಲದೆ ಸುಟ್ಟ ಗಾಯದ ಕಲೆ, ಹುಟ್ಟಿನಿಂದಲೇ ಇರುವ ಮಚ್ಚೆ, ಮೈಯೆಲ್ಲ ಹುಟ್ಟಿನಿಂದ ಬೆಳ್ಳಗಿರುವುದು, ಇವೆಲ್ಲ ಬೇರೆ ಬೇರೆ.

ಮನೆಯಲ್ಲಿ ಮಾಡಬಹುದಾದ ಒಂದು ಪರೀಕ್ಷೆ ಇದೆ. ಸ್ವಲ್ಪ ಹತ್ತಿಯನ್ನು ಎಳೆದು ಮೊನೆ ಮಾಡಿ. ಮೊದಲು ಕಣ್ಣು ತೆರೆದಿರುವಾಗ ಒಳ್ಳೆಯ ಚರ್ಮದ ಮೇಲೆ ಮುಟ್ಟಿಸಿ ತೋರಿಸಿ. ಆಮೇಲೆ ಕಣ್ಣು ಮುಚ್ಚಿಸಿ, ಮಚ್ಚೆಯ ಮೇಲೊಮ್ಮೆ, ಹೊರಗೊಮ್ಮೆ ಮುಟ್ಟಿಸಿ, ಮುಟ್ಟಿದ ಜಾಗವನ್ನು ಬೆರಳಿನಿಂದ ತೋರಿಸಲು ಹೇಳಿ. ಮಚ್ಚೆಯ ಮೇಲೆ ಮುಟ್ಟಿದ್ದು ತಿಳಿಯದಿದ್ದರೆ ಅದೇ ವಾರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗತಕ್ಕದ್ದು. ಸೂಜಿಯಿಂದ ಚುಚ್ಚಬಾರದು. ಅರಿವಾಯಿತೆಂದ ಮಾತ್ರಕ್ಕೆ ಕುಷ್ಠವಲ್ಲವೆಂದು ನಾವೇ ತೀರ್ಮಾನಿಸಲೂಬಾರದು. ಮುಖದ ಮೇಲಿನ ಮಚ್ಚೆಯಲ್ಲಿ ಅರಿವು ಉಳಿದಿರುವುದುಂಟು. ಈ ಪರೀಕ್ಷೆ ನಮ್ಮನ್ನು ಬೇಗ ಹೊರಡಿಸುವುದಕ್ಕೆ ಮಾತ್ರ, ತೀರ್ಪು ವೈದ್ಯರದು.

ತೊನ್ನನ್ನು ಕುಷ್ಠವೆಂದರೆ ಮಾನ ಹೋಗುತ್ತದೆ, ಬೇಡದ ಮಾತ್ರೆ ಹೊಟ್ಟೆಗೆ ಹೋಗುತ್ತದೆ. ಕುಷ್ಠವನ್ನು ತೊನ್ನೆಂದು ಸುಮ್ಮನೆ ಕೂತರೆ ನರ ಸತ್ತು ಬೆರಳು ಮುರುಟುತ್ತದೆ. ಹಾಗೆ ಮುರುಟಿದ ಕೈಯಲ್ಲಿ ಕುಡುಗೋಲು ಹಿಡಿಯಲಾಗದು. ಎರಡು ತಪ್ಪಿಗೂ ಬೆಲೆ ತೆರುವವನು ರೋಗಿಯೇ.

ವೈದ್ಯರು ಹೇಗೆ ನಿರ್ಧರಿಸುತ್ತಾರೆ?

ಹೆಚ್ಚಿನ ವೇಳೆ ಚರ್ಮರೋಗ ತಜ್ಞರು ಒಳ್ಳೆಯ ಬೆಳಕಿನಲ್ಲಿ ನೋಡಿ, ನಾಲ್ಕು ಪ್ರಶ್ನೆ ಕೇಳಿಯೇ ತೊನ್ನನ್ನು ಗುರುತಿಸುತ್ತಾರೆ. ಅನುಮಾನವಿದ್ದರೆ ಕತ್ತಲೆ ಕೋಣೆಯಲ್ಲಿ ವುಡ್ಸ್ ದೀಪ ಎಂಬ ನೇರಳಾತೀತ ಬೆಳಕಿನ ದೀಪವನ್ನು ಹಿಡಿದು ನೋಡುತ್ತಾರೆ. ಇದು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಅವರ ಹೆಸರಿನ ದೀಪ. ಬಣ್ಣ ಪೂರ್ತಿ ಹೋಗಿರುವ ತೊನ್ನಿನ ಮಚ್ಚೆ ಆ ಬೆಳಕಿನಲ್ಲಿ ನೀಲಿ ಬೆರೆತ ಬಿಳುಪಾಗಿ ಹೊಳೆಯುತ್ತದೆ. ಬಣ್ಣ ಅರ್ಧ ಮಾತ್ರ ಮಾಸಿರುವ ಮಚ್ಚೆ ಹಾಗೆ ಹೊಳೆಯುವುದಿಲ್ಲ. ಬರಿ ಕಣ್ಣಿಗೆ ಕಾಣದ ಹೊಸ ಮಚ್ಚೆಗಳೂ ಈ ದೀಪಕ್ಕೆ ಸಿಗುತ್ತವೆ.

ಕುಷ್ಠದ ಅನುಮಾನವಿದ್ದರೆ ಮೊಣಕೈ ಹಿಂದಿನ ನರ ದಪ್ಪವಾಗಿದೆಯೆ ಎಂದು ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಬೇಕಾದರೆ ಚರ್ಮದ ಚೂರನ್ನು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ತೊನ್ನಿರುವವರಲ್ಲಿ ಕೆಲವರಿಗೆ ಥೈರಾಯ್ಡ್ ಗ್ರಂಥಿಯ ತೊಂದರೆಯೂ ಇರುವುದರಿಂದ ಅದಕ್ಕೆ ರಕ್ತಪರೀಕ್ಷೆ ಮಾಡಿಸಲು ಹೇಳಬಹುದು. ಕೃಷ್ಣರಾಜನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ಅವರು ಬರೆದುಕೊಟ್ಟರೆ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಗೆ, ಅಂದರೆ ಎಲ್ಲರೂ ಕರೆಯುವ ದೊಡ್ಡಾಸ್ಪತ್ರೆಗೆ ಹೋಗಬಹುದು. ಅದು ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆ. ಬಸ್ಸಿನಲ್ಲಿಯೂ ರೈಲಿನಲ್ಲಿಯೂ ಹೋಗಲು ಅನುಕೂಲವಿದೆ.

ರೋಗಕ್ಕೂ ಒಂದು ಸರ್ವೆ ನಂಬರು

ನಿಮ್ಮ ಜಮೀನನ್ನು ನೀವು "ಹೊಳೆಗದ್ದೆ" ಎನ್ನುತ್ತೀರಿ, ಪಕ್ಕದವರು "ಗೌಡರ ಗದ್ದೆ" ಎನ್ನುತ್ತಾರೆ. ತಾಲ್ಲೂಕು ಕಛೇರಿಗೆ ಈ ಹೆಸರುಗಳು ಬೇಡ, ಸರ್ವೆ ನಂಬರು ಬೇಕು. ರೋಗಗಳಿಗೂ ಅಂತಹುದೇ ಏರ್ಪಾಡು ಇದೆ. ತೊನ್ನು, ಬಿಳಿ ಮಚ್ಚೆ, ಶ್ವಿತ್ರ, ವಿಟಿಲಿಗೋ ಎಂದು ಯಾರು ಏನೇ ಕರೆದರೂ ಲೋಕದ ಎಲ್ಲ ದೇಶಗಳ ಆಸ್ಪತ್ರೆಗಳಿಗೂ ತಿಳಿಯುವಂತೆ ಒಂದು ಸಂಖ್ಯೆ. ಇದಕ್ಕೆ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣ, ಚಿಕ್ಕದಾಗಿ ಐ.ಸಿ.ಡಿ. ಎಂದು ಹೆಸರು.

ಫ್ರಾನ್ಸ್ ದೇಶದ ಬರ್ತಿಯೋಂ ಎಂಬುವರು 1893ರಲ್ಲಿ ಸಾವಿನ ಕಾರಣಗಳ ಪಟ್ಟಿಯೊಂದನ್ನು ಮುಂದಿಟ್ಟರು. ಅದು ಬೆಳೆದು, 1948ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಕೈಗೆ ಬಂತು. ಹತ್ತನೆಯ ಪರಿಷ್ಕರಣಕ್ಕೆ 1990ರಲ್ಲಿಯೂ ಹನ್ನೊಂದನೆಯದಕ್ಕೆ 2019ರಲ್ಲಿಯೂ ಒಪ್ಪಿಗೆ ದೊರೆಯಿತು. ಹನ್ನೊಂದನೆಯದು 2022ರ ಜನವರಿ 1 ರಿಂದ ಜಾರಿಗೆ ಬಂದಿದೆ. ಹತ್ತನೆಯ ಪಟ್ಟಿಯಲ್ಲಿ ನಮ್ಮ ಮಚ್ಚೆಗಳ ನಂಬರು ಹೀಗಿವೆ:

ತೊನ್ನು — ಎಲ್ 80
ಕುಷ್ಠ — ಎ 30
ಸಿಬ್ಬು — ಬಿ 36.0
ಮಕ್ಕಳ ಕೆನ್ನೆಯ ಮಾಸಲು ಮಚ್ಚೆ — ಎಲ್ 30.5
ಬೇರೆಲ್ಲೂ ಸೇರದ ಇತರ ಬಿಳುಪು — ಎಲ್ 81.5
ಬಗೆ ತಿಳಿಯದ ಬಣ್ಣದ ದೋಷ — ಎಲ್ 81.9

ಹನ್ನೊಂದನೆಯ ಪಟ್ಟಿಯಲ್ಲಿ ತೊನ್ನಿನ ನಂಬರು ಇ.ಡಿ. 63.0, ಕುಷ್ಠದ್ದು 1 ಬಿ 20.

ಎಲ್ 80 ಎಂಬುದನ್ನು ಎ 30 ಎಂದು ಬರೆಯುವುದು, ನಿಮ್ಮ ಗದ್ದೆಯ ಸರ್ವೆ ನಂಬರಿನ ಜಾಗದಲ್ಲಿ ಇನ್ನೊಬ್ಬರದನ್ನು ಬರೆದಂತೆ. ಪಹಣಿಯಲ್ಲಿ ಒಂದು ಅಂಕಿ ತಪ್ಪಿದರೆ ಎಷ್ಟು ವರ್ಷ ಅಲೆಯಬೇಕೆಂಬುದು ನಿಮಗೆ ಗೊತ್ತೇ ಇದೆ. ಮುಂದಿನ ವೈದ್ಯರು ಆ ನಂಬರನ್ನೇ ನಂಬುತ್ತಾರೆ. ಊರಿನಲ್ಲಿ ಎಷ್ಟು ಕುಷ್ಠ, ಎಷ್ಟು ಔಷಧಿ ಬೇಕು ಎಂಬ ಸರ್ಕಾರದ ಲೆಕ್ಕವೂ ಅದರಿಂದಲೇ ತಪ್ಪುತ್ತದೆ.

ಈ ನಂಬರು ಹಾಕುವವರು ಬಹಳ ಕಡೆ ವೈದ್ಯರಲ್ಲ. ಅದಕ್ಕೆಂದೇ ಕಲಿತ ಕೋಡರುಗಳು. ಅವರು ರೋಗಿಯ ಮುಖ ನೋಡುವುದಿಲ್ಲ, ವೈದ್ಯರು ಬರೆದ ಕಾಗದವನ್ನು ಮಾತ್ರ ನೋಡುತ್ತಾರೆ. ಕಾಗದದಲ್ಲಿ "ಬಿಳಿ ಮಚ್ಚೆ" ಎಂದಷ್ಟೇ ಇದ್ದರೆ ಅವರಿಗೆ ಯಾವ ಮಚ್ಚೆಯೆಂದು ತಿಳಿಯುವುದಿಲ್ಲ. "ಶ್ವೇತಕುಷ್ಠ" ಎಂದಿದ್ದರೆ ಏನಾಗುತ್ತದೆಂದು ಮೇಲೆ ನೋಡಿದ್ದೇವೆ. ಆದ್ದರಿಂದ ಚೀಟಿಯಲ್ಲಿ ರೋಗದ ಹೆಸರು ವಿಟಿಲಿಗೋ ಎಂದು ಬಿಡಿಸಿ ಬರೆದಿರಬೇಕು. ಇನ್ನೂ ಅನುಮಾನವಿದ್ದರೆ ಅನುಮಾನವೆಂದೇ ಬರೆದಿರಬೇಕು. ರೋಗಿ ಹೊರಗೆ ಬರುವ ಮೊದಲು, "ಇದಕ್ಕೆ ಏನೆಂದು ಬರೆದಿದ್ದೀರಿ, ಓದಿ ಹೇಳಿ ಡಾಕ್ಟ್ರೆ" ಎಂದು ಕೇಳುವುದರಲ್ಲಿ ಅವಿಧೇಯತೆ ಏನೂ ಇಲ್ಲ.

ನಂಬರು ಸಾಲದು, ಚೆಕ್ಕುಬಂದಿಯೂ ಬೇಕು

ಕ್ರಯಪತ್ರದಲ್ಲಿ ಸರ್ವೆ ನಂಬರು ಬರೆದು ಸುಮ್ಮನಾಗುವುದಿಲ್ಲ. ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು ಎಂದು ಚೆಕ್ಕುಬಂದಿಯನ್ನೂ ಬರೆಯುತ್ತೇವೆ. ಎಲ್ 80 ಎಂಬುದು ಯಾವ ರೋಗ ಎಂದು ಹೇಳುತ್ತದೆಯೇ ಹೊರತು ಎಲ್ಲಿ, ಎಷ್ಟು, ಎಂದಿನಿಂದ ಎಂದು ಹೇಳುವುದಿಲ್ಲ. ಮಚ್ಚೆ ಹರಡುತ್ತಿದೆಯೆ, ನಿಂತಿದೆಯೆ, ಔಷಧಿ ಹಿಡಿಯುತ್ತಿದೆಯೆ ಎಂದು ತಿಳಿಯುವುದು ಈ ವಿವರದಿಂದ. ವೈದ್ಯರ ಬಳಿಗೆ ಹೋಗುವ ಮುನ್ನ ಒಂದು ನೋಟ್ ಪುಸ್ತಕದಲ್ಲಿ ಇವನ್ನು ಬರೆದುಕೊಂಡು ಹೋಗಿರಿ:

1. ಮೊದಲ ಮಚ್ಚೆ ಕಂಡ ತಿಂಗಳು ಮತ್ತು ವರ್ಷ. ನೆನಪಿಲ್ಲದಿದ್ದರೆ ಹಬ್ಬ, ಜಾತ್ರೆ, ನಾಟಿ, ಕೊಯ್ಲುಗಳ ಗುರುತು ಹಿಡಿದು ಹೇಳಿದರೂ ಆದೀತು. "ಚುಂಚನಕಟ್ಟೆ ಜಾತ್ರೆಯ ಹೊತ್ತಿಗೆ" ಎಂದರೆ ಜನವರಿ ಎಂದು ಬರೆದುಕೊಳ್ಳಬಹುದು.

2. ಯಾವ ಯಾವ ಜಾಗ, ಎಡವೊ ಬಲವೊ, ಎಷ್ಟು ಮಚ್ಚೆ.

3. ಅಳತೆ. ರೋಗಿಯ ಸ್ವಂತ ಅಂಗೈಯು ಬೆರಳುಗಳೂ ಸೇರಿ ಅವರ ಮೈಯ ಸುಮಾರು ನೂರರಲ್ಲಿ ಒಂದು ಪಾಲು. ಮಚ್ಚೆಗಳೆಲ್ಲ ಸೇರಿ ಎಷ್ಟು ಅಂಗೈ ಆಗುತ್ತದೆ ಎಂದು ನೋಡಿದರೆ ನೂರಕ್ಕೆ ಎಷ್ಟು ಎಂದು ತಿಳಿಯುತ್ತದೆ. ತಜ್ಞರೂ ಇದೇ ಅಂಗೈ ಲೆಕ್ಕವನ್ನು ಹಿಡಿಯುತ್ತಾರೆ.

4. ಕಳೆದ ಒಂದು ವರ್ಷದಲ್ಲಿ ಹೊಸ ಮಚ್ಚೆ ಬಂದಿದೆಯೆ, ಹಳೆಯದು ದೊಡ್ಡದಾಗಿದೆಯೆ.

5. ಅಲ್ಲಿ ಮೊದಲು ಗಾಯ, ಸುಟ್ಟದ್ದು, ಉಜ್ಜುವಿಕೆ ಇತ್ತೆ. ಉಡಿದಾರ, ಲಂಗದ ಲಾಡಿ, ಚಪ್ಪಲಿ ಬಿಗಿಯಾಗಿ ಉಜ್ಜುವ ಕಡೆ ತೊನ್ನು ಬರುವುದುಂಟು.

6. ಮಾಡುವ ಕೆಲಸ, ಮುಟ್ಟುವ ರಾಸಾಯನಿಕ, ಹಾಕುವ ಗವುಸು ಮತ್ತು ಬೂಟು.

7. ಮನೆಯಲ್ಲಿ ಯಾರಿಗಾದರೂ ತೊನ್ನು, ಥೈರಾಯ್ಡ್, ಸಕ್ಕರೆ ಕಾಯಿಲೆ ಇದೆಯೆ.

8. ಈವರೆಗೆ ಹಚ್ಚಿದ, ಕುಡಿದ ಎಲ್ಲ ಔಷಧಿ. ನಾಟಿ ಮದ್ದನ್ನೂ ಮುಚ್ಚಿಡದೆ ಹೇಳಬೇಕು.

ಮೂರು ತಿಂಗಳಿಗೊಮ್ಮೆ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಅದೇ ಜಾಗ, ಅದೇ ದೂರ, ಬೆಳಗಿನ ಬೆಳಕು, ಪಕ್ಕದಲ್ಲಿ ಒಂದು ಅಳತೆಪಟ್ಟಿ. ಈ ಚಿತ್ರ ರೋಗಿಗೂ ವೈದ್ಯರಿಗೂ ಮಾತ್ರ. ಯಾರ ಮಚ್ಚೆಯ ಚಿತ್ರವನ್ನೂ ವಾಟ್ಸಾಪಿನಲ್ಲಿ ಹಂಚತಕ್ಕದ್ದಲ್ಲ.

ಬರೆದಿಟ್ಟ ಮಾತಿನ ಬೆಲೆ ದೊಡ್ಡವರಿಗೂ ತಪ್ಪಿದ್ದಲ್ಲ. ಅಮೆರಿಕದ ಹೆಸರಾಂತ ಹಾಡುಗಾರ ಮೈಕೆಲ್ ಜಾಕ್ಸನ್ ಬೆಳ್ಳಗಾದಾಗ, ಬೇಕೆಂದೇ ಬಣ್ಣ ಬದಲಿಸಿಕೊಂಡನೆಂದು ಲೋಕವೆಲ್ಲ ಆಡಿಕೊಂಡಿತು. ತನಗೆ ಚರ್ಮದ ಬಣ್ಣ ಕಳೆಯುವ ರೋಗವಿದೆಯೆಂದು 1993ರಲ್ಲಿ ಆತನೇ ದೂರದರ್ಶನದಲ್ಲಿ ಹೇಳಿದರೂ ಅನೇಕರು ನಂಬಲಿಲ್ಲ. 2009ರ ಜೂನ್ 25ರಂದು ಆತ ತೀರಿಕೊಂಡ ಮೇಲೆ ಶವಪರೀಕ್ಷೆಯ ವರದಿಯಲ್ಲಿ ವಿಟಿಲಿಗೋ ಎಂದು ಬರೆದಿತ್ತು. ಆ ಜೂನ್ 25ನ್ನೇ ಈಗ ವಿಶ್ವ ತೊನ್ನು ದಿನವಾಗಿ ಆಚರಿಸುತ್ತಾರೆ.

ಚಿಕಿತ್ಸೆ ಮತ್ತು ಎಚ್ಚರಿಕೆ

ತೊನ್ನಿಗೆ ಮದ್ದೇ ಇಲ್ಲವೆಂಬುದು ಸುಳ್ಳು. ಒಂದೇ ವಾರದಲ್ಲಿ ವಾಸಿ ಮಾಡುತ್ತೇವೆಂಬುದು ಅದಕ್ಕಿಂತ ದೊಡ್ಡ ಸುಳ್ಳು. ಹಚ್ಚುವ ಮುಲಾಮುಗಳಿವೆ. ಆಸ್ಪತ್ರೆಯ ಯಂತ್ರದಿಂದ 311 ನ್ಯಾನೊಮೀಟರಿನ ಆಸುಪಾಸಿನ ನೇರಳಾತೀತ ಬೆಳಕನ್ನು ವಾರಕ್ಕೆ ಎರಡು ಮೂರು ಸಾರಿ, ಹಲವು ತಿಂಗಳು ಕೊಡುವ ಚಿಕಿತ್ಸೆ ಇದೆ. ಒಂದು ವರ್ಷವಾದರೂ ಹರಡದೆ ನಿಂತಿರುವ ಮಚ್ಚೆಗೆ ಒಳ್ಳೆಯ ಕಡೆಯ ಚರ್ಮವನ್ನು ಕಸಿ ಮಾಡುವ ವಿಧಾನವೂ ಇದೆ. ಮೇಲೆ ಹೇಳಿದ ನೋಟ್ ಪುಸ್ತಕ ಇಲ್ಲಿಯೇ ಉಪಯೋಗಕ್ಕೆ ಬರುವುದು. ವರ್ಷದಿಂದ ನಿಂತಿದೆ ಎಂಬುದಕ್ಕೆ ಅದೇ ಸಾಕ್ಷಿ. ಮುಖದ ಮಚ್ಚೆಗೆ ಬಣ್ಣ ಮರಳುವುದು ಹೆಚ್ಚು, ಬೆರಳ ತುದಿ ಮತ್ತು ತುಟಿಗಳಿಗೆ ಕಡಿಮೆ. ಬೇಗ ತೋರಿಸಿದಷ್ಟೂ ಲಾಭ.

ನಮ್ಮ ಕಡೆ ಬಾವಂಚಿ ಬೀಜವನ್ನು ಅರೆದು ಹಚ್ಚಿ ಬಿಸಿಲಿಗೆ ಕೂರಿಸುವ ಪದ್ಧತಿ ಇದೆ. ಇದರಲ್ಲಿ ಅರ್ಥವಿಲ್ಲದೆ ಇಲ್ಲ. ಬಾವಂಚಿಯಲ್ಲಿರುವ ಸೋರಲೆನ್ ಎಂಬ ಅಂಶ ಬಿಸಿಲಿನೊಡನೆ ಸೇರಿ ಬಣ್ಣ ಹುಟ್ಟಿಸಬಲ್ಲದು. ಈಜಿಪ್ಟಿನ ವೈದ್ಯರು 1940ರ ದಶಕದಲ್ಲಿ ತಮ್ಮ ನಾಡಿನ ಒಂದು ಗಿಡದಿಂದ ಇದೇ ಜಾತಿಯ ಔಷಧಿ ತೆಗೆದು ಬಳಸಿದರು. ಆದರೆ ಬೀಜದಲ್ಲಿ ಎಷ್ಟು ಅಂಶವಿದೆ, ಎಷ್ಟು ಹೊತ್ತು ಬಿಸಿಲು ಎಂಬ ಅಳತೆ ಮನೆಯಲ್ಲಿ ಸಿಗದು. ಅಳತೆ ಮೀರಿದರೆ ಬೊಬ್ಬೆ ಎದ್ದು ಸುಟ್ಟ ಗಾಯವಾಗುತ್ತದೆ. ಆ ಗಾಯದ ಮೇಲೆಯೇ ಹೊಸ ತೊನ್ನು ಬರಬಹುದು. ಕಳೆನಾಶಕವನ್ನು ಅಳತೆಯಿಲ್ಲದೆ ಹೊಡೆಯುತ್ತೀರಾ? ಇದನ್ನೂ ಹಾಗೆಯೇ ತಿಳಿಯಿರಿ.

ಗದ್ದೆಯಲ್ಲಿ, ಹೊಗೆಸೊಪ್ಪಿನ ಹೊಲದಲ್ಲಿ ದಿನವೆಲ್ಲ ದುಡಿಯುವವರು ಮಚ್ಚೆಯ ಮೇಲೆ ಬಟ್ಟೆ ಹೊದೆಯಬೇಕು. ಬಣ್ಣವಿಲ್ಲದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಔಷಧಿ ಸಿಂಪಡಿಸುವಾಗ ಗವುಸು ಬಿಡಬಾರದು. ರಬ್ಬರ್ ಗವುಸಿನಿಂದ ಕೈ ಬೆಳ್ಳಗಾಗುತ್ತಿದೆ ಎಂದು ಕಂಡರೆ ಬೇರೆ ಬಗೆಯದನ್ನು ಕೊಳ್ಳಬೇಕೇ ಹೊರತು ಬರಿಗೈಯಲ್ಲಿ ವಿಷ ಮುಟ್ಟಬಾರದು.

ಊರಿನವರ ಪಾಲಿನ ಕೆಲಸ

ಮಗುವಿನ ಕೆನ್ನೆಯಲ್ಲೊ, ಸೊಸೆಯ ಕೈಯಲ್ಲೊ ಮಚ್ಚೆ ಕಂಡರೆ ಮುಚ್ಚಿಡಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ. ಪಂಕ್ತಿಯಲ್ಲಿ, ಶಾಲೆಯ ಬೆಂಚಿನಲ್ಲಿ, ಹಾಲಿನ ಡೇರಿಯ ಸಾಲಿನಲ್ಲಿ ಯಾರನ್ನೂ ದೂರ ನಿಲ್ಲಿಸಬೇಡಿ. ಸಂಬಂಧ ಕೂಡಿಸುವಾಗ ವೈದ್ಯರ ಮಾತನ್ನು ಕೇಳಿ, ಚೀಟಿಯ ಮೇಲಿನ ಒಂದು ಪದವನ್ನು ಕಂಡು ಎದ್ದುಹೋಗಬೇಡಿ.

ಆ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇನೆ. ನಾಟಿ ಮುಗಿದ ಮೇಲೆ ತಂದೆಯೂ ಮಗಳೂ ಮೈಸೂರಿಗೆ ಹೋಗಿ ಚರ್ಮರೋಗ ತಜ್ಞರಿಗೆ ತೋರಿಸಿ ಬಂದರು. ವಿಟಿಲಿಗೋ, ಎಲ್ 80, ಸ್ಪರ್ಶಜ್ಞಾನ ಸರಿಯಿದೆ ಎಂದು ತಜ್ಞರು ಬಿಡಿಸಿ ಬರೆದುಕೊಟ್ಟಿದ್ದರು. ಅದನ್ನು ತೋರಿಸಿ ಹಳೆಯ ದಾಖಲೆಯನ್ನೂ ತಿದ್ದಿಸಿದರು. ಅದಕ್ಕೆ ಮೂರು ಸಾರಿ ಅಲೆಯಬೇಕಾಯಿತು. ನಿಂತುಹೋದ ಆ ಸಂಬಂಧ ಮರಳಿ ಕೂಡಲಿಲ್ಲ. ಆದರೆ ಮನೆಯಿಂದ ಹೊರಗೆ ಬಾರದೆ ಇದ್ದ ಹುಡುಗಿ ಈಗ ಮತ್ತೆ ಹೊಲಿಗೆ ತರಬೇತಿಗೆ ಹೋಗುತ್ತಿದ್ದಾಳೆ. ತುಟಿಯ ಪಕ್ಕದ ಮಚ್ಚೆಯಲ್ಲಿ ಅಲ್ಲಲ್ಲಿ ಕಂದು ಚುಕ್ಕೆ ಮೂಡಿದೆಯಂತೆ. ಬಣ್ಣ ಮರಳುವುದು ಹಾಗೆ ಚುಕ್ಕೆ ಚುಕ್ಕೆಯಾಗಿಯೇ.

ಮೊನ್ನೆ ಹೋದಾಗ ಯಜಮಾನರು ಟ್ರಂಕು ತೆಗೆದು ಹೊಸ ಚೀಟಿಯನ್ನು ತೋರಿಸಿದರು. ಅದನ್ನು ಅವರು ಇಟ್ಟಿದ್ದುದು ಪಹಣಿ ಮತ್ತು ಸೊಸೈಟಿಯ ಪಾಸ್ ಬುಕ್ಕಿನ ಜೊತೆಯಲ್ಲಿ. ನಿಮ್ಮ ಮನೆಯ ಆಸ್ಪತ್ರೆ ಚೀಟಿಗಳನ್ನೂ ಅದೇ ಜಾಗದಲ್ಲಿ ಇಡಿ. ಇಡುವ ಮುನ್ನ ಓದಿಸಿ ನೋಡಿ.